ಮೋಡ ಸರಿದರೂ ಕಾಣದ ಆಕಾಶ: ಬಾಹ್ಯಾಕಾಶ ಟೆಲಿಸ್ಕೋಪ್ ಏನನ್ನು ಅಳೆಯುತ್ತದೆ, ಅದಕ್ಕೀಗ ಅಡ್ಡ ಬಂದಿರುವುದೇನು

ಟೆಲಿಸ್ಕೋಪನ್ನು ಭೂಮಿ ಬಿಟ್ಟು ಅಷ್ಟು ದೂರ ಯಾಕೆ ಕಳಿಸಬೇಕು ಅಂತ ಕೊಡಗಿನಲ್ಲಿ ಕೇಳಿದರೆ ಹೆಚ್ಚಿನವರು ಕೊಡುವ ಉತ್ತರ ಒಂದೇ: ಮೋಡ. ಅದು ಸಹಜ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಡಿಕೇರಿಯಲ್ಲಿ ಸೂರ್ಯ ಮುಖ ತೋರಿಸಿದರೇ ಹೆಚ್ಚು. ಭಾಗಮಂಡಲದ ಕಡೆ ವರ್ಷದ ಮಳೆ 200 ಇಂಚು ದಾಟುತ್ತದೆ. ನಕ್ಷತ್ರ ನೋಡಬೇಕು ಅನ್ನುವವರು ದೀಪಾವಳಿವರೆಗೆ ಕಾಯಲೇಬೇಕು.

ಆದರೆ ಮೋಡ ಸಣ್ಣ ಕಾರಣ. ಹುತ್ತರಿ ಕಳೆದು ಚಳಿ ಹಿಡಿದ ಮೇಲೆ ನಮ್ಮ ಆಕಾಶ ಎಷ್ಟು ಶುಭ್ರವಾಗಿರುತ್ತದೆ ಅಂತ ಇಲ್ಲಿಯವರಿಗೆ ಗೊತ್ತು. ಬೆಳದಿಂಗಳಿಲ್ಲದ ರಾತ್ರಿ ಗದ್ದೆ ಬಯಲಲ್ಲಿ ನಿಂತರೆ ಆಂಡ್ರೊಮಿಡಾ ಗೆಲಾಕ್ಸಿ ಬರಿಗಣ್ಣಿಗೇ ಮಸುಕಾಗಿ ಕಾಣುತ್ತದೆ. ಆ ಬೆಳಕು ಅಲ್ಲಿಂದ ಹೊರಟು ಸುಮಾರು 25 ಲಕ್ಷ ವರ್ಷ ಆಗಿದೆ. ಅಂಥ ಒಳ್ಳೆ ರಾತ್ರಿಯಲ್ಲೂ ಜೇಮ್ಸ್ ವೆಬ್ ಬಾಹ್ಯಾಕಾಶ ಟೆಲಿಸ್ಕೋಪ್ ನೋಡುವುದನ್ನು ಇಲ್ಲಿಂದ ನೋಡಲು ಆಗುವುದಿಲ್ಲ. ಟೆಲಿಸ್ಕೋಪನ್ನು ತಡಿಯಂಡಮೋಳ್ ತುದಿಗೆ, 1,748 ಮೀಟರ್ ಎತ್ತರಕ್ಕೆ ಹೊತ್ತುಕೊಂಡು ಹೋದರೂ ಆಗುವುದಿಲ್ಲ. ಲಡಾಖ್‌ನ ಹಾನ್ಲೆಯಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿ ನಮ್ಮದೇ ದೇಶದ ಟೆಲಿಸ್ಕೋಪ್ ಇದೆ. ಬೆಂಗಳೂರಿನ ಹತ್ತಿರದ ಹೊಸಕೋಟೆಯಲ್ಲಿ ಕೂತೇ ಅದನ್ನು ನಡೆಸುತ್ತಾರೆ. ಅಷ್ಟು ಒಣ, ಅಷ್ಟು ತೆಳು ಗಾಳಿಯಲ್ಲೂ ಈ ಕೆಲಸ ಆಗುವುದಿಲ್ಲ.

ಗಾಳಿ ಮೂರು ರೀತಿ ಅಡ್ಡ ಬರುತ್ತದೆ. ಮೊದಲನೆಯದು ಎಲ್ಲರಿಗೂ ಗೊತ್ತು. ಗಾಳಿಯ ಪದರಗಳು ಕದಲುತ್ತಲೇ ಇರುತ್ತವೆ, ಅದಕ್ಕೇ ನಕ್ಷತ್ರ ಮಿನುಗುತ್ತದೆ. ಕಣ್ಣಿಗೆ ಚೆಂದ, ಅಳತೆಗೆ ಕೇಡು. ಇದಕ್ಕೆ ನೆಲದ ಮೇಲೇ ಮದ್ದು ಸಿಕ್ಕಿದೆ. ಗಾಳಿ ಕದಲಿದ ಹಾಗೆಲ್ಲ ಕನ್ನಡಿಯ ಆಕಾರವನ್ನು ಸೆಕೆಂಡಿಗೆ ನೂರಾರು ಸಲ ತಿದ್ದುತ್ತಾರೆ. ಚಿಲಿ ದೇಶದಲ್ಲಿ 39 ಮೀಟರ್ ಅಗಲದ ಕನ್ನಡಿಯ ಟೆಲಿಸ್ಕೋಪ್ ಕಟ್ಟುತ್ತಿರುವುದು ಇದೇ ಧೈರ್ಯದ ಮೇಲೆ.

ಎರಡನೆಯದಕ್ಕೆ ಮದ್ದಿಲ್ಲ. ಗಾಳಿ ಬೆಳಕನ್ನು ನುಂಗುತ್ತದೆ. ಬಾಹ್ಯಾಕಾಶದ ಎಕ್ಸ್‌ರೇ ನೆಲ ಮುಟ್ಟುವುದೇ ಇಲ್ಲ. ಅತಿನೇರಳೆ ಬೆಳಕಿನಲ್ಲಿ ಬಹುಪಾಲು ಮೇಲೇ ನಿಲ್ಲುತ್ತದೆ. ಇನ್‌ಫ್ರಾರೆಡ್, ಅಂದರೆ ಅವಕೆಂಪು ಬೆಳಕಿನ ದೊಡ್ಡ ಪಾಲನ್ನು ಗಾಳಿಯಲ್ಲಿರುವ ನೀರಾವಿ ಹೀರಿಬಿಡುತ್ತದೆ. ನಮ್ಮ ಘಟ್ಟದ ಗಾಳಿಯಲ್ಲಿ ನೀರಾವಿಗೆ ಬರವೇ?

ಮೂರನೆಯದು ಅಷ್ಟು ಬೇಗ ಹೊಳೆಯುವುದಿಲ್ಲ. ಬೆಚ್ಚಗಿರುವ ಯಾವುದೇ ವಸ್ತು ಅವಕೆಂಪು ಬೆಳಕನ್ನು ಸೂಸುತ್ತದೆ. ನಮ್ಮ ಮೈ, ಮನೆಯ ಗೋಡೆ, ಗಾಳಿ, ಟೆಲಿಸ್ಕೋಪಿನ ಕನ್ನಡಿ ಕೂಡ. ಆ ಬೆಳಕಿನಲ್ಲಿ ನೋಡುವ ಯಂತ್ರಕ್ಕೆ ಅಮಾವಾಸ್ಯೆಯ ಮಡಿಕೇರಿಯೂ ಹಗಲೇ.

ಮೊಬೈಲಿಗೆ ಬರುವ ಬಣ್ಣದ ಚಿತ್ರಗಳನ್ನು ನೋಡಿ ನಾವು ಇದನ್ನೊಂದು ದೊಡ್ಡ ಕ್ಯಾಮೆರಾ ಅಂದುಕೊಳ್ಳುತ್ತೇವೆ. ನನ್ನ ಮಟ್ಟಿಗೆ ಇದು ಅಳತೆಯ ಯಂತ್ರ. ಎಷ್ಟು ಬೆಳಕು ಬಂತು, ಯಾವ ಅಲೆಯುದ್ದದಲ್ಲಿ, ಸರಳವಾಗಿ ಹೇಳಿದರೆ ಯಾವ ಬಣ್ಣದಲ್ಲಿ, ಬಂತು. ಈ ಎರಡು ಲೆಕ್ಕ ಸರಿಯಾಗಿ ಸಿಕ್ಕರೆ ಉಳಿದದ್ದೆಲ್ಲ ಅದರಿಂದ ಹೊರಡುತ್ತದೆ. ಲೆಕ್ಕ ಕೆಡಿಸುವುದು ಮೂರು: ಬಿಸಿ, ಅಲುಗಾಟ, ಎಲ್ಲಿಂದಲೋ ನುಗ್ಗುವ ಬೇರೆ ಬೆಳಕು. ಮೊದಲೆರಡನ್ನು ಎಂಜಿನಿಯರುಗಳು ಬಹಳ ಮಟ್ಟಿಗೆ ಗೆದ್ದಿದ್ದಾರೆ. ಮೂರನೆಯದು ಈಗ ಹೊಸ ರೂಪದಲ್ಲಿ ಬಂದಿದೆ. ಅದಕ್ಕೂ ನಮ್ಮ ಜಿಲ್ಲೆಗೂ ನಂಟಿದೆ, ಆ ಮಾತಿಗೆ ಆಮೇಲೆ ಬರುತ್ತೇನೆ.

15 ಲಕ್ಷ ಕಿಲೋಮೀಟರ್ ಆಚೆ

ಹಬಲ್ ಟೆಲಿಸ್ಕೋಪ್ ಮೇಲೆ ಹೋಗಿದ್ದು 1990ರ ಏಪ್ರಿಲ್ 24ಕ್ಕೆ. ಕನ್ನಡಿ 2.4 ಮೀಟರ್. ಸುಮಾರು 500 ಕಿ.ಮೀ ಎತ್ತರದಲ್ಲಿ, ಒಂದೂವರೆ ಗಂಟೆಗೆ ಒಂದು ಸುತ್ತು. ಕನ್ನಡಿಯ ಅಂಚನ್ನು ಉಜ್ಜುವಾಗ 2.2 ಮೈಕ್ರಾನ್‌ನಷ್ಟು ಹೆಚ್ಚು ಸವೆಸಿದ್ದರು. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಅಷ್ಟಕ್ಕೇ ಚಿತ್ರ ಮಸುಕಾಯಿತು. 1993ರ ಡಿಸೆಂಬರ್‌ನಲ್ಲಿ ಗಗನಯಾತ್ರಿಗಳು ಹೋಗಿ ಸರಿಮಾಡಿದರು. ಹತ್ತಿರ ಇದ್ದದ್ದರಿಂದ ರಿಪೇರಿ ಸಾಧ್ಯವಾಯಿತು. 2009ರವರೆಗೆ ಒಟ್ಟು ಐದು ಸಲ ಹೋಗಿ ಬಂದಿದ್ದಾರೆ.

ಹತ್ತಿರ ಇರುವುದರಲ್ಲೇ ತೊಂದರೆಯೂ ಇದೆ. ಭೂಮಿ ಸದಾ ಅರ್ಧ ಆಕಾಶವನ್ನು ಮರೆಮಾಡುತ್ತದೆ. ಪ್ರತಿ ಸುತ್ತಿನಲ್ಲೂ ಒಮ್ಮೆ ಬಿಸಿಲು, ಒಮ್ಮೆ ನೆರಳು. ಕನ್ನಡಿಯ ಆಕಾರ ಕೆಡದ ಹಾಗೆ ಅದನ್ನು ಸುಮಾರು 21 ಡಿಗ್ರಿಯಲ್ಲಿ ಇಡುತ್ತಾರೆ. ನಮ್ಮ ಜನವರಿಯ ರಾತ್ರಿ ಅದಕ್ಕಿಂತ ತಣ್ಣಗಿರುತ್ತದೆ! ಅಷ್ಟು ಬೆಚ್ಚಗಿನ ಕನ್ನಡಿ ತಾನೇ ಅವಕೆಂಪಿನಲ್ಲಿ ಹೊಳೆಯುತ್ತದೆ. ಹಾಗಾಗಿ ಹಬಲ್‌ಗೆ 1.7 ಮೈಕ್ರಾನ್ ಅಲೆಯುದ್ದದ ಆಚೆಗೆ ಏನೂ ಕಾಣುವುದಿಲ್ಲ.

ವೆಬ್‌ನ ಹುಟ್ಟು ಈ ಮಿತಿಯನ್ನು ದಾಟುವುದಕ್ಕೇ. 2021ರ ಡಿಸೆಂಬರ್ 25ರಂದು ಫ್ರೆಂಚ್ ಗಯಾನಾದ ಕೂರೂನಿಂದ ಏರಿಯಾನ್ 5 ರಾಕೆಟ್‌ನಲ್ಲಿ ಹೊರಟಿತು. ಸೂರ್ಯನ ಕಡೆಯಿಂದ ನೋಡಿದರೆ ಭೂಮಿಯ ಬೆನ್ನ ಹಿಂದೆ, 15 ಲಕ್ಷ ಕಿ.ಮೀ ದೂರದಲ್ಲಿ ಎಲ್2 ಅನ್ನುವ ಒಂದು ಜಾಗ ಇದೆ. ಅಲ್ಲಿ ಸೂರ್ಯ ಮತ್ತು ಭೂಮಿ ಎರಡರ ಸೆಳೆತವೂ ಸೇರಿಕೊಂಡು, ಅಲ್ಲಿಟ್ಟ ವಸ್ತು ಭೂಮಿಯ ಜೊತೆಜೊತೆಗೇ ವರ್ಷಕ್ಕೊಂದು ಸಲ ಸೂರ್ಯನನ್ನು ಸುತ್ತುತ್ತದೆ. ವೆಬ್ ಆ ಬಿಂದುವಿನಲ್ಲೇ ಕೂತಿಲ್ಲ. ಅದರ ಸುತ್ತ ದೊಡ್ಡ ಸುತ್ತು ಹಾಕುತ್ತದೆ, ಒಂದು ಸುತ್ತಿಗೆ ಸುಮಾರು ಆರು ತಿಂಗಳು. ಸುಮ್ನೆ ಬಿಟ್ಟರೆ ಜಾರಿಹೋಗುತ್ತದೆ. ಮೂರು ವಾರಕ್ಕೊಮ್ಮೆ ಸಣ್ಣ ಎಂಜಿನ್ ಉರಿಸಿ ದಾರಿಗೆ ತರಬೇಕಾದರೆ ತರುತ್ತಾರೆ.

ಆ ಜಾಗದ ದೊಡ್ಡ ಲಾಭ ಏನೆಂದರೆ ಸೂರ್ಯ, ಭೂಮಿ, ಚಂದ್ರ ಮೂರೂ ಒಂದೇ ಕಡೆ ಇರುತ್ತವೆ. ಒಂದೇ ಕೊಡೆ ಹಿಡಿದರೆ ಸಾಕು. ಆ ಕೊಡೆ ಟೆನಿಸ್ ಕೋರ್ಟಿನಷ್ಟು ದೊಡ್ಡದು. ಕ್ಯಾಪ್ಟಾನ್ ಅನ್ನುವ ತೆಳು ಹಾಳೆಯ ಐದು ಪದರ. ಬಿಸಿಲಿಗೆ ಒಡ್ಡಿದ ಮೊದಲ ಪದರದ ದಪ್ಪ 0.05 ಮಿಲಿಮೀಟರ್, ಉಳಿದವು ಅದರ ಅರ್ಧ. ಆ ಕಡೆ ಸುಮಾರು 85 ಡಿಗ್ರಿ ಬಿಸಿ, ಈ ಕಡೆ ಮೈನಸ್ 233 ಡಿಗ್ರಿ. ನಡುವೆ ಇರುವುದು ಹಾಳೆ ಮತ್ತು ಬಯಲು ಅಷ್ಟೇ. ಇಷ್ಟು ಚಳಿಯೂ ಸಾಲದ ಒಂದು ಉಪಕರಣ ಇದೆ, ಹೆಸರು ಮಿರಿ. ಅದನ್ನು ಹೀಲಿಯಂ ಹರಿಸಿ ಮೈನಸ್ 266 ಡಿಗ್ರಿಗೂ ಕೆಳಗೆ ಇಳಿಸುತ್ತಾರೆ.

ಕನ್ನಡಿ 6.5 ಮೀಟರ್. ಅಷ್ಟು ಅಗಲದ ಕನ್ನಡಿ ಯಾವ ರಾಕೆಟ್ಟಿನ ತಲೆಯೊಳಗೂ ಹಿಡಿಸುತ್ತಿರಲಿಲ್ಲ. ಹಾಗಾಗಿ ಬೆರಿಲಿಯಂ ಲೋಹದ 18 ತುಂಡು ಮಾಡಿ, ಚಿನ್ನದ ಲೇಪ ಕೊಟ್ಟು, ಮಡಚಿ ಕಳಿಸಿದರು. ಚಿನ್ನ ಆಡಂಬರಕ್ಕಲ್ಲ, ಅವಕೆಂಪು ಬೆಳಕನ್ನು ಅದು ಚೆನ್ನಾಗಿ ಪ್ರತಿಫಲಿಸುತ್ತದೆ. ಒಟ್ಟು ಲೇಪಕ್ಕೆ ಹೋಗಿದ್ದು 50 ಗ್ರಾಮಿಗೂ ಕಡಿಮೆ.

2022ರ ಫೆಬ್ರವರಿಯಲ್ಲಿ ಎಚ್‌ಡಿ 84406 ಅನ್ನುವ ಒಂದು ಸಾಧಾರಣ ನಕ್ಷತ್ರದ ಕಡೆ ಅದನ್ನು ತಿರುಗಿಸಿದಾಗ ಕಂಡಿದ್ದು ಒಂದು ನಕ್ಷತ್ರ ಅಲ್ಲ, ಹದಿನೆಂಟು ಚುಕ್ಕಿ. ಒಂದೊಂದು ತುಂಡು ಒಂದೊಂದು ದಿಕ್ಕಿಗೆ ನೋಡುತ್ತಿತ್ತು. ಪ್ರತಿ ತುಂಡಿನ ಬೆನ್ನಿಗೆ ಏಳು ಸಣ್ಣ ಮೋಟಾರು. ಆರು ಅದನ್ನು ಆ ಕಡೆ ಈ ಕಡೆ ಸರಿಸುತ್ತವೆ, ಏಳನೆಯದು ಬಾಗನ್ನು ತಿದ್ದುತ್ತದೆ. ಯಾವ ಚುಕ್ಕಿ ಯಾವ ತುಂಡಿನದು ಅಂತ ಗುರುತಿಸಿ, ಒಂದೊಂದನ್ನೇ ಚೂಪು ಮಾಡಿ, ಒಂದರ ಮೇಲೊಂದು ಕೂರಿಸಿ, ಕೊನೆಗೆ ತುಂಡುಗಳ ಎತ್ತರ ತಗ್ಗನ್ನು ನ್ಯಾನೋಮೀಟರ್ ಲೆಕ್ಕದಲ್ಲಿ ಸಮ ಮಾಡಿದರು. ಹಲವು ವಾರದ ತಾಳ್ಮೆಯ ಕೆಲಸ. ಹದಿನೆಂಟು ಚುಕ್ಕಿ ಒಂದಾದ ಚಿತ್ರವನ್ನು ಆ ಮಾರ್ಚ್‌ನಲ್ಲಿ ಬಿಟ್ಟಾಗ ನಾನು ಅದನ್ನು ಎಷ್ಟು ಹೊತ್ತು ನೋಡಿದೆನೋ. ಹಿನ್ನೆಲೆಯಲ್ಲಿ ಯಾರೂ ಕೇಳದೆಯೇ ಸಾಲುಸಾಲು ಗೆಲಾಕ್ಸಿಗಳು ಬಂದಿದ್ದವು. ಜುಲೈಯಲ್ಲಿ ಬಂದ ಬಣ್ಣದ ಚಿತ್ರಗಳಿಗಿಂತ ನನಗೆ ಈಗಲೂ ಅದೇ ಹೆಚ್ಚು.

ಇನ್ನು ಅಲುಗಾಟ. ಟೆಲಿಸ್ಕೋಪಿನೊಳಗೆ ತಿರುಗುವ ಚಕ್ರಗಳಿವೆ. ಅವುಗಳ ವೇಗ ಬದಲಿಸಿದರೆ ಟೆಲಿಸ್ಕೋಪ್ ತಿರುಗುತ್ತದೆ, ಇಂಧನ ಬೇಡ. ಬೇಕಾದ ಕಡೆ ತಿರುಗಿದ ಮೇಲೆ ಒಂದು ಗುರುತಿನ ನಕ್ಷತ್ರವನ್ನು ಹಿಡಿದು ಅದರ ಜಾಗವನ್ನು ಸೆಕೆಂಡಿಗೆ 16 ಸಲ ನೋಡುತ್ತದೆ. ಸ್ವಲ್ಪ ಕದಲಿದರೂ ಒಳಗಿನ ಪುಟ್ಟ ಕನ್ನಡಿಯೊಂದು ತಿದ್ದುತ್ತದೆ.

ಬೆಳಕು ಹಿಡಿಯುವ ಕೆಲಸವನ್ನು ತೋಟದವರಿಗೆ ಹೇಳುವುದು ಸುಲಭ. ಕೊಡಗಿನ ಕಾಫಿ ತೋಟಗಳಲ್ಲಿ ಮಳೆ ಅಳೆಯುವ ಮಾಪಕ ಇರುತ್ತದೆ. ಬೆಳಿಗ್ಗೆ ಅದನ್ನು ನೋಡಿ ಇಂಚು, ಸೆಂಟಿನ ಲೆಕ್ಕದಲ್ಲಿ ಪುಸ್ತಕಕ್ಕೆ ಬರೆಯುತ್ತಾರೆ. ನೂರು ಸೆಂಟಿಗೆ ಒಂದು ಇಂಚು. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ಮರುದಿನ ನೆಂಟರು ಫೋನ್ ಮಾಡಿದರೆ ಮೊದಲು ಕೇಳುವುದೇ "ನಿಮ್ಮಲ್ಲಿ ಎಷ್ಟು ಸೆಂಟು ಬಂತು?" ಅಂತ. ವೆಬ್ ಕ್ಯಾಮೆರಾದ ಒಂದೊಂದು ಪಿಕ್ಸೆಲ್ ಅಂಥ ಒಂದು ಮಾಪಕ. ಬಿದ್ದ ಬೆಳಕಿನ ಕಣಗಳಿಗೆ ತಕ್ಕಂತೆ ಅದರಲ್ಲಿ ಎಲೆಕ್ಟ್ರಾನುಗಳು ಕೂಡುತ್ತವೆ. ಕೊನೆಗೆ ಎಷ್ಟಿವೆ ಅಂತ ಓದುತ್ತಾರೆ. ಮುಖ್ಯ ಕ್ಯಾಮೆರಾದಲ್ಲಿ ಇಂಥವು ಸುಮಾರು ನಾಲ್ಕು ಕೋಟಿ. ಪಿಕ್ಸೆಲ್ ಲೆಕ್ಕದಲ್ಲಿ ಇದು ದೊಡ್ಡದೇನಲ್ಲ, ಈಗಿನ ಎಷ್ಟೋ ಫೋನುಗಳಲ್ಲಿ ಇದಕ್ಕಿಂತ ಜಾಸ್ತಿ ಇರುತ್ತದೆ. ವ್ಯತ್ಯಾಸ ಇರುವುದು ಹನಿಯನ್ನು ಎಣಿಸುವ ನಿಖರತೆಯಲ್ಲಿ.

ಹನಿಯೂ ಬಹಳ ಕಡಿಮೆ. ಹಬಲ್ ತೆಗೆದ ಅತಿ ಆಳದ ಚಿತ್ರದಲ್ಲಿ ತೀರಾ ಮಸುಕಾದ ಗೆಲಾಕ್ಸಿಗಳಿಂದ ನಿಮಿಷಕ್ಕೆ ಒಂದು ಬೆಳಕಿನ ಕಣ ಬರುತ್ತಿತ್ತು. ಅದಕ್ಕೇ ದೊಡ್ಡ ಕನ್ನಡಿ ಬೇಕು, ಗಂಟೆಗಟ್ಟಲೆ ಕಾಯಬೇಕು. ವೆಬ್‌ನಲ್ಲಿ ಇನ್ನೊಂದು ಜಾಣತನ ಇದೆ. ಮಾಪಕವನ್ನು ಖಾಲಿ ಮಾಡದೆ, ತುಂಬುತ್ತಿರುವಾಗಲೇ ಮತ್ತೆ ಮತ್ತೆ ಓದುತ್ತಾರೆ. ನಿಧಾನವಾಗಿ ಏರುತ್ತಿದ್ದ ಲೆಕ್ಕ ಒಮ್ಮೆಲೇ ಜಿಗಿದರೆ ಅದು ನಕ್ಷತ್ರದ ಬೆಳಕಲ್ಲ, ಕಾಸ್ಮಿಕ್ ಕಿರಣ, ಅಂದರೆ ಬಾಹ್ಯಾಕಾಶದಲ್ಲಿ ಅತಿ ವೇಗವಾಗಿ ಹಾರುವ ಕಣ ಬಡಿದದ್ದು ಅಂತ ಗೊತ್ತಾಗುತ್ತದೆ. ಆ ಜಿಗಿತವನ್ನು ಲೆಕ್ಕದಿಂದ ತೆಗೆದುಹಾಕುತ್ತಾರೆ.

ಹೀಗೆ ಕೂಡಿದ ಮಾಹಿತಿ ರೇಡಿಯೊ ಮೂಲಕ ಭೂಮಿಗೆ ಇಳಿಯುತ್ತದೆ. ಅಮೆರಿಕದ ಗೋಲ್ಡ್‌ಸ್ಟೋನ್, ಸ್ಪೇನ್‌ನ ಮ್ಯಾಡ್ರಿಡ್, ಆಸ್ಟ್ರೇಲಿಯಾದ ಕ್ಯಾನ್‌ಬೆರಾಗಳಲ್ಲಿ ದೊಡ್ಡ ಆಂಟೆನಾಗಳಿವೆ. ಭೂಮಿ ಎಷ್ಟು ತಿರುಗಿದರೂ ಮೂರರಲ್ಲಿ ಒಂದಕ್ಕಾದರೂ ವೆಬ್ ಕಾಣುತ್ತದೆ.

ದೂರ ಗೊತ್ತಾಗುವುದು ಹೇಗೆ

"ಅತಿ ದೂರದ ಗೆಲಾಕ್ಸಿ ಪತ್ತೆ" ಅಂತ ಟಿವಿಯಲ್ಲಿ ಬರುವಾಗ ತೋರಿಸುವುದು ಒಂದು ಕೆಂಪು ಚುಕ್ಕಿ. ಆ ಚುಕ್ಕಿಯಿಂದ ದೂರ ಗೊತ್ತಾಗುವುದಿಲ್ಲ. ಹತ್ತಿರದ ಮಸುಕು ವಸ್ತುವೂ ಹಾಗೇ ಕಾಣಬಹುದು. ದೂರ ಸಿಗುವುದು ಬೆಳಕನ್ನು ಅಲೆಯುದ್ದದ ಪ್ರಕಾರ ಬಿಡಿಸಿ ಹರಡಿದಾಗ, ಅಂದರೆ ರೋಹಿತದಲ್ಲಿ.

ಇದಕ್ಕೆ ವೆಬ್‌ನಲ್ಲಿ ನಿರ್‌ಸ್ಪೆಕ್ ಅನ್ನುವ ಉಪಕರಣ ಇದೆ. ಅದರೊಳಗೆ ಸುಮಾರು ಎರಡೂವರೆ ಲಕ್ಷ ಪುಟಾಣಿ ಕಿಟಕಿಗಳು. ಒಂದೊಂದು 0.1 ಮಿಲಿಮೀಟರ್ ಅಗಲ, 0.2 ಮಿಲಿಮೀಟರ್ ಉದ್ದ. ಬೇಕಾದ ಗೆಲಾಕ್ಸಿ ಎದುರಿನ ಕಿಟಕಿ ಮಾತ್ರ ತೆರೆದು ಉಳಿದದ್ದನ್ನು ಮುಚ್ಚುತ್ತಾರೆ. ಒಂದೇ ಸಲಕ್ಕೆ ನೂರಕ್ಕೂ ಹೆಚ್ಚು ಗೆಲಾಕ್ಸಿಗಳ ರೋಹಿತ ಸಿಗುತ್ತದೆ.

2025ರಲ್ಲಿ ಸುದ್ದಿಯಾದ ಮಾಮ್-ಝಡ್14 ಅನ್ನುವ ಗೆಲಾಕ್ಸಿಯ ಲೆಕ್ಕವನ್ನೇ ನೋಡಿ. ಬ್ರಹ್ಮಾಂಡದ ಆರಂಭದ ದಿನಗಳಲ್ಲಿ ಗೆಲಾಕ್ಸಿಗಳ ಸುತ್ತ ಹೈಡ್ರೋಜನ್ ಅನಿಲ ತುಂಬಿತ್ತು. ಅದು 0.1216 ಮೈಕ್ರಾನ್‌ಗಿಂತ ಚಿಕ್ಕ ಅಲೆಯ ಬೆಳಕನ್ನು ಹೀರುತ್ತದೆ. ಹಾಗಾಗಿ ರೋಹಿತದಲ್ಲಿ ಅಲ್ಲೊಂದು ಅಂಚು ಬೀಳುತ್ತದೆ, ಈಚೆ ಬೆಳಕು, ಆಚೆ ಕತ್ತಲು. ಬ್ರಹ್ಮಾಂಡ ಹಿಗ್ಗುತ್ತಾ ಬಂದಿರುವುದರಿಂದ ದಾರಿಯಲ್ಲಿ ಬೆಳಕಿನ ಅಲೆಯೂ ಹಿಗ್ಗುತ್ತದೆ. ವೆಬ್‌ಗೆ ಆ ಅಂಚು ಸಿಕ್ಕಿದ್ದು 1.877 ಮೈಕ್ರಾನ್ ಹತ್ತಿರ. ಭಾಗಿಸಿ ನೋಡಿ, 15.4 ಬರುತ್ತದೆ. ಆ ಬೆಳಕು ಹೊರಟ ಮೇಲೆ ಬ್ರಹ್ಮಾಂಡ 15.4 ಪಟ್ಟು ಹಿಗ್ಗಿದೆ ಅಂತ ಅರ್ಥ. ಅಂದರೆ ಮಹಾಸ್ಫೋಟ ಆಗಿ ಸುಮಾರು 28 ಕೋಟಿ ವರ್ಷಕ್ಕೆ ಹೊರಟ ಬೆಳಕು. ಬ್ರಹ್ಮಾಂಡಕ್ಕೆ ಈಗ 1,380 ಕೋಟಿ ವರ್ಷ. ಅತಿನೇರಳೆಯಾಗಿ ಹೊರಟದ್ದು ನಮ್ಮನ್ನು ಮುಟ್ಟುವಾಗ ಅವಕೆಂಪಾಗಿತ್ತು. ನಮ್ಮ ಕಣ್ಣಿಗೆ 0.7 ಮೈಕ್ರಾನ್‌ವರೆಗೆ ಮಾತ್ರ ಕಾಣುತ್ತದೆ, ಹಬಲ್‌ಗೆ 1.7ರವರೆಗೆ. ಹಬಲ್ ಎಷ್ಟು ವರ್ಷ ಕಾದರೂ ಇದು ಸಿಗುತ್ತಿರಲಿಲ್ಲ. ಆ ಚಳಿ, ಆ ಕೊಡೆ, ಆ ದೂರ ಯಾಕೆ ಬೇಕಿತ್ತು ಅನ್ನುವುದಕ್ಕೆ ಈ ಒಂದು ಭಾಗಾಕಾರವೇ ಸಾಕು.

ಇಷ್ಟು ಬೇಗ ಹುಟ್ಟಿದ ಗೆಲಾಕ್ಸಿಗಳು ಅಂದುಕೊಂಡದ್ದಕ್ಕಿಂತ ಜಾಸ್ತಿ ಸಿಕ್ಕಿವೆ, ಜಾಸ್ತಿ ಹೊಳೆಯುತ್ತಿವೆ. "ಮಹಾಸ್ಫೋಟ ಸುಳ್ಳಾಯಿತು" ಅನ್ನುವ ವಿಡಿಯೊಗಳು ಇದರಿಂದಲೇ ಹುಟ್ಟಿದ್ದು. ಅದು ಹಾಗಲ್ಲ. ಆ 15.4 ಅನ್ನುವ ಸಂಖ್ಯೆಯನ್ನು ವಯಸ್ಸಾಗಿ ಬದಲಿಸುವುದೇ ಮಹಾಸ್ಫೋಟದ ಲೆಕ್ಕದಿಂದ. ಪ್ರಶ್ನೆ ಇರುವುದು ನಕ್ಷತ್ರಗಳು ಆಗ ಯಾಕೆ ಅಷ್ಟು ಬೇಗ, ಅಷ್ಟು ಜೋರಾಗಿ ಹುಟ್ಟಿದವು ಅನ್ನುವುದರಲ್ಲಿ. ಅದೇನೂ ಸಣ್ಣ ಪ್ರಶ್ನೆಯಲ್ಲ.

ಬಣ್ಣದ ಬಗ್ಗೆ ಎಲ್ಲರಿಗೂ ಒಂದು ಅನುಮಾನ ಇರುತ್ತದೆ. ವಿರಾಜಪೇಟೆಯಲ್ಲಿ ಪಿಯುಸಿ ಓದುವ ಪರಿಚಯದ ಹುಡುಗಿಯೊಬ್ಬಳು ಫೋನ್ ತೋರಿಸಿ, "ಅಂಕಲ್, ಈ ಬಣ್ಣ ಎಲ್ಲ ನಿಜಾನಾ? ಎಡಿಟ್ ಮಾಡಿದ್ದು ಅಲ್ವಾ?" ಅಂತ ಕೇಳಿದಳು. "ಬಣ್ಣ ಇವರೇ ಕೊಟ್ಟಿದ್ದು ಮಗಳೇ, ಆದರೆ ಸುಳ್ಳಲ್ಲ" ಅಂದೆ. ವೆಬ್‌ನಿಂದ ಬರುವ ಚಿತ್ರ ಕಪ್ಪು ಬಿಳುಪು. ಬೇರೆ ಬೇರೆ ಫಿಲ್ಟರ್ ಹಾಕಿ ಬೇರೆ ಬೇರೆ ಅಲೆಯುದ್ದದಲ್ಲಿ ತೆಗೆದಿರುತ್ತಾರೆ. ಚಿಕ್ಕ ಅಲೆಗೆ ನೀಲಿ, ಉದ್ದ ಅಲೆಗೆ ಕೆಂಪು ಕೊಟ್ಟು ಒಂದರ ಮೇಲೊಂದು ಜೋಡಿಸುತ್ತಾರೆ. ಕಣ್ಣಿಗೆ ಕಾಣದ ಬೆಳಕನ್ನು ಕಾಣುವ ಬಣ್ಣಕ್ಕೆ ಅದೇ ಅನುಕ್ರಮದಲ್ಲಿ ತಂದು ಕೊಡುವುದು ಅಷ್ಟೇ. ನೀಲಿ ಇದ್ದಲ್ಲಿ ನಿಜವಾಗಿಯೂ ಕೆಂಪಿಗಿಂತ ಚಿಕ್ಕ ಅಲೆ ಇದೆ.

ಅವಳ ಮುಂದಿನ ಪ್ರಶ್ನೆ ಇನ್ನೂ ಚೆನ್ನಾಗಿತ್ತು: "ಹಾಗಾದ್ರೆ ಜೀವ ಸಿಕ್ತು ಅಂತ ಬಂದಿತ್ತಲ್ಲ, ಅದು?" ಕೆ2-18ಬಿ ಬಗ್ಗೆ ಕೇಳುತ್ತಿದ್ದಳು. 124 ಬೆಳಕಿನ ವರ್ಷ ದೂರದ ಗ್ರಹ ಅದು. ಗ್ರಹ ತನ್ನ ನಕ್ಷತ್ರದ ಮುಂದೆ ಹಾದುಹೋಗುವಾಗ ನಕ್ಷತ್ರದ ಬೆಳಕಿನಲ್ಲಿ ತುಸು ಭಾಗ ಗ್ರಹದ ಗಾಳಿಯನ್ನು ದಾಟಿ ಬರುತ್ತದೆ. ಯಾವ ಅಲೆಯುದ್ದದಲ್ಲಿ ಎಷ್ಟು ಬೆಳಕು ಕಡಿಮೆಯಾಯಿತು ಅಂತ ನೋಡಿದರೆ ಗಾಳಿಯಲ್ಲಿ ಏನಿದೆ ಅಂತ ಗೊತ್ತಾಗುತ್ತದೆ. 2023ರಲ್ಲಿ ಅಲ್ಲಿ ಮೀಥೇನ್ ಮತ್ತು ಕಾರ್ಬನ್ ಡೈಆಕ್ಸೈಡ್ ಇರುವುದು ಕಂಡಿತು. 2025ರ ಏಪ್ರಿಲ್‌ನಲ್ಲಿ ಕೇಂಬ್ರಿಡ್ಜ್‌ನ ನಿಕ್ಕು ಮಧುಸೂದನ್ ಅವರ ತಂಡ ಇನ್ನೊಂದು ಅನಿಲದ ಸುಳಿವು ಸಿಕ್ಕಿದೆ ಅಂದಿತು. ಡೈಮೀಥೈಲ್ ಸಲ್ಫೈಡ್. ಭೂಮಿಯಲ್ಲಿ ಅದನ್ನು ಮುಖ್ಯವಾಗಿ ಸಮುದ್ರದ ಸೂಕ್ಷ್ಮಜೀವಿಗಳು ಮಾಡುತ್ತವೆ. ಸುದ್ದಿ ಮನೆಗಳು ಅಷ್ಟಕ್ಕೇ "ಜೀವ ಪತ್ತೆ" ಅಂದುಬಿಟ್ಟವು. ತಂಡ ಹಾಗೆ ಹೇಳಿರಲಿಲ್ಲ. ಹೊಸ ಸಂಶೋಧನೆ ಅಂತ ಒಪ್ಪಲು ವಿಜ್ಞಾನಿಗಳು ಐದು ಸಿಗ್ಮಾ ಮಟ್ಟದ ಖಚಿತತೆ ಕೇಳುತ್ತಾರೆ, ಇದು ಮೂರರಲ್ಲಿತ್ತು. ಬೇರೆ ತಂಡಗಳು ಅದೇ ಮಾಹಿತಿಯನ್ನು ತಮ್ಮ ರೀತಿಯಲ್ಲಿ ಲೆಕ್ಕ ಹಾಕಿದಾಗ ಗಟ್ಟಿ ಪುರಾವೆ ಸಿಗಲಿಲ್ಲ. ಇಲ್ಲಿ ಯಾರನ್ನೂ ದೂರಬೇಕಿಲ್ಲ. ಅಳತೆಯ ತುದಿಯಲ್ಲಿ ನಿಂತಾಗ ಹೀಗೇ ಆಗುತ್ತದೆ, ಇನ್ನಷ್ಟು ಬೆಳಕು ಕೂಡಿಸಬೇಕು. ಆದರೆ ಕಾಯುವವರ ಸಾಲು ಉದ್ದ ಇದೆ. ವೆಬ್‌ನ ನಾಲ್ಕನೇ ವರ್ಷದ ವೀಕ್ಷಣೆಗೆ ಬಂದ ಅರ್ಜಿಗಳು 2,377. ಕೇಳಿದ ಸಮಯ ಸುಮಾರು 78,000 ಗಂಟೆ. ವರ್ಷಕ್ಕೆ ಇರುವುದೇ 8,760 ಗಂಟೆ.

ಕೊಂಬೆಯಿಂದ ಬೀಳುವ ಹನಿ

ಮಳೆ ಮಾಪಕವನ್ನು ತೋಟದಲ್ಲಿ ಎಲ್ಲೆಂದರಲ್ಲಿ ಇಡುವುದಿಲ್ಲ. ಮೇಲೆ ಸಿಲ್ವರ್ ಓಕ್ ಕೊಂಬೆ ಚಾಚಿದ್ದರೆ ಒಂದಷ್ಟು ಮಳೆ ತಪ್ಪುತ್ತದೆ, ಒಂದಷ್ಟು ಎಲೆಯಿಂದ ಸೋರಿ ಹೆಚ್ಚಾಗುತ್ತದೆ. ಲೆಕ್ಕ ಬರೆದರೂ ಪ್ರಯೋಜನ ಇಲ್ಲ. ಭೂಮಿಗೆ ಹತ್ತಿರದಲ್ಲಿರುವ ಟೆಲಿಸ್ಕೋಪುಗಳಿಗೆ ಈಗ ಆಗುತ್ತಿರುವುದು ಇದೇ.

2019ರ ಹೊತ್ತಿಗೆ ಕೆಲಸ ಮಾಡುತ್ತಿದ್ದ ಉಪಗ್ರಹಗಳು ಸುಮಾರು 2,000. ಈಗ ಹತ್ತು ಸಾವಿರ ದಾಟಿವೆ. ಬಹುಪಾಲು ಇಂಟರ್ನೆಟ್ ಕೊಡುವ ಉಪಗ್ರಹಗಳು. ಸೂರ್ಯನ ಬೆಳಕು ಬಿದ್ದು ಅವು ಹೊಳೆಯುತ್ತವೆ. ಟೆಲಿಸ್ಕೋಪಿನ ಎದುರು ಹಾದುಹೋದರೆ ಚಿತ್ರದ ಉದ್ದಕ್ಕೂ ಒಂದು ಗೆರೆ. ಮುಂಚೆ ಇದು ನೆಲದ ಟೆಲಿಸ್ಕೋಪುಗಳ ತಲೆನೋವು ಅನ್ನುತ್ತಿದ್ದರು. ಆದರೆ ಹಬಲ್‌ಗಿಂತ ಮೇಲೆ ಸುತ್ತುವ ಉಪಗ್ರಹಗಳೂ ಬೇಕಾದಷ್ಟಿವೆ. 2002ರಿಂದ 2021ರವರೆಗಿನ ಹಬಲ್ ಚಿತ್ರಗಳನ್ನು ಪರಿಶೀಲಿಸಿದವರಿಗೆ ನೂರಕ್ಕೆ 2.7 ಚಿತ್ರಗಳಲ್ಲಿ ಇಂಥ ಗೆರೆ ಕಂಡಿತ್ತು. ಉಪಗ್ರಹಗಳ ಜಾತ್ರೆ ಶುರುವಾಗುವ ಮೊದಲಿನ ವರ್ಷಗಳೇ ಅದರಲ್ಲಿ ಹೆಚ್ಚು.

2025ರ ಡಿಸೆಂಬರ್‌ನಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಮುಂದಿನ ಲೆಕ್ಕ ಹಾಕಿದೆ. ಬೇರೆ ಬೇರೆ ಕಂಪನಿ, ದೇಶಗಳು ಯೋಜಿಸಿರುವ ಉಪಗ್ರಹಗಳೆಲ್ಲ ಮೇಲೆ ಹೋದರೆ ಒಟ್ಟು 5.6 ಲಕ್ಷ ಆಗುತ್ತವೆ. ಹಾಗಾದಲ್ಲಿ ಹಬಲ್ ಚಿತ್ರಗಳಲ್ಲಿ ಕನಿಷ್ಠ ಮೂರನೇ ಒಂದು ಭಾಗಕ್ಕೆ ಗೆರೆ ಬೀಳುತ್ತದೆ. ಸ್ಫಿಯರೆಕ್ಸ್‌ನಂಥ ಟೆಲಿಸ್ಕೋಪುಗಳಲ್ಲಿ ನೂರಕ್ಕೆ 96ಕ್ಕೂ ಹೆಚ್ಚು ಚಿತ್ರಗಳಿಗೆ. ಸ್ಫಿಯರೆಕ್ಸ್ ಹೋಗಿದ್ದು 2025ರ ಮಾರ್ಚ್‌ನಲ್ಲಿ. ಇಡೀ ಆಕಾಶವನ್ನು 102 ಅಲೆಯುದ್ದಗಳಲ್ಲಿ ಅಳೆಯುವುದೇ ಅದರ ಕೆಲಸ. ನೋಟ ಅಗಲವಾದಷ್ಟು ಗೆರೆ ಜಾಸ್ತಿ. ಯೋಜನೆಗಳೆಲ್ಲ ಜಾರಿಗೆ ಬರುವುದಿಲ್ಲ ಅಂತ ಹೇಳಬಹುದು. ಅರ್ಧ ಬಂದರೂ ಸಾಕಲ್ಲ, ಕೆಡಿಸುವುದಕ್ಕೆ?

ಗೆರೆಯನ್ನು ಅಳಿಸಬಹುದಲ್ಲ ಅಂತ ಕೇಳುವವರಿದ್ದಾರೆ. ಚೆನ್ನಾಗಿ ಕಾಣುವ ಗೆರೆಯನ್ನು ಗುರುತಿಸಿ ಬಿಡಬಹುದು, ಆದರೆ ಅದರ ಕೆಳಗಿದ್ದ ಬೆಳಕು ಹೋಯಿತು. ಕಣ್ಣಿಗೇ ಬೀಳದಷ್ಟು ಮಸುಕಾದ ಗೆರೆ ಇನ್ನೂ ಅಪಾಯ. ಅದು ಲೆಕ್ಕದಲ್ಲಿ ಸದ್ದಿಲ್ಲದೆ ಸೇರಿಬಿಡುತ್ತದೆ.

ವೆಬ್‌ಗೆ ಈ ತೊಂದರೆ ಇಲ್ಲ. ಯುರೋಪಿನ ಯೂಕ್ಲಿಡ್‌ಗೂ ಇಲ್ಲ. ಎರಡೂ ಎಲ್2 ಕಡೆ ಇವೆ. 2025ರ ಕೊನೆಗೆ ಜೋಡಣೆ ಮುಗಿದ ನ್ಯಾನ್ಸಿ ಗ್ರೇಸ್ ರೋಮನ್ ಟೆಲಿಸ್ಕೋಪ್ ಹೋಗಬೇಕಾಗಿರುವುದೂ ಅಲ್ಲಿಗೇ. ಹಾಗಾದರೆ ಎಲ್ಲವನ್ನೂ ಅಲ್ಲಿಗೇ ಕಳಿಸಿದರೆ ಆಯಿತಲ್ಲ? ನನಗೆ ಇಲ್ಲೇ ಅನ್ಯಾಯ ಕಾಣುವುದು. ವೆಬ್‌ಗೆ ಆದ ಖರ್ಚು ಸುಮಾರು 1,000 ಕೋಟಿ ಡಾಲರ್. ಅಷ್ಟು ದೂರದಲ್ಲಿ ಕೆಟ್ಟರೆ ರಿಪೇರಿ ಇಲ್ಲ. ಕಡಿಮೆ ಖರ್ಚಿನ, ಸಣ್ಣ ದೇಶಗಳ, ವಿಶ್ವವಿದ್ಯಾಲಯಗಳ ಟೆಲಿಸ್ಕೋಪುಗಳು ಹೋಗುವುದು ಕೆಳಗಿನ ಕಕ್ಷೆಗೇ. ಗೆರೆ ಬೀಳುವುದು ಅವುಗಳ ಮೇಲೆ.

ಸಣ್ಣ ಟೆಲಿಸ್ಕೋಪಿನಿಂದ ಏನು ಮಹಾ ಅಂದುಕೊಳ್ಳಬೇಡಿ. ನಮ್ಮ ದೇಶದ ಬಾಹ್ಯಾಕಾಶ ವೀಕ್ಷಣಾಲಯ ಆಸ್ಟ್ರೋಸ್ಯಾಟ್ 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟದಿಂದ ಹೋಗಿ 650 ಕಿ.ಮೀ ಎತ್ತರದಲ್ಲಿ ಸುತ್ತತೊಡಗಿತು. ಅದರ ಅತಿನೇರಳೆ ಟೆಲಿಸ್ಕೋಪನ್ನು ಜೋಡಿಸಿದ್ದು ಹೊಸಕೋಟೆಯಲ್ಲಿ, ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಪ್ರಯೋಗಾಲಯದಲ್ಲಿ. ಕನ್ನಡಿ ಬರೀ 38 ಸೆಂಟಿಮೀಟರ್. 2020ರಲ್ಲಿ ಪುಣೆಯ ಖಗೋಳ ಸಂಶೋಧನಾ ಕೇಂದ್ರ ಅಯುಕಾದ ಕನಕ್ ಸಾಹಾ ಅವರ ತಂಡ ಅದೇ ಕನ್ನಡಿಯಿಂದ 930 ಕೋಟಿ ಬೆಳಕಿನ ವರ್ಷ ದೂರದ ಗೆಲಾಕ್ಸಿಯಿಂದ ಬಂದ ತೀವ್ರ ಅತಿನೇರಳೆ ಬೆಳಕನ್ನು ಹಿಡಿಯಿತು. 2016ರ ಅಕ್ಟೋಬರ್‌ನಲ್ಲಿ 28 ಗಂಟೆಗೂ ಹೆಚ್ಚು ಕಾದು ಕೂಡಿಸಿದ ಬೆಳಕು ಅದು. ಆರು ಪಟ್ಟು ದೊಡ್ಡ ಕನ್ನಡಿಯ ಹಬಲ್‌ಗೆ ಆ ಬೆಳಕು ಸಿಕ್ಕಿರಲಿಲ್ಲ. ಕಾರಣ, ನಮ್ಮ ಉಪಕರಣದಲ್ಲಿ ಹಿನ್ನೆಲೆಯ ಗದ್ದಲ ಕಡಿಮೆ ಇತ್ತು. ಮಾಪಕ ಚಿಕ್ಕದಾದರೂ ಒಳಗೆ ಬೇರೆ ನೀರು ಸೋರುತ್ತಿರಲಿಲ್ಲ.

ಈಗ ನಮ್ಮ ಜಿಲ್ಲೆಯ ನಂಟಿಗೆ ಬರುತ್ತೇನೆ. ಜುಲೈಯಲ್ಲಿ ಮರ ಬಿದ್ದು ಲೈನ್ ಹೋದರೆ ಕೆಲವು ಹಳ್ಳಿಗಳಲ್ಲಿ ಕರೆಂಟ್ ಬರಲು ದಿನಗಟ್ಟಲೆ ಬೇಕು. ಕರೆಂಟ್ ಹೋದ ಹಿಂದೆಯೇ ಟವರ್ ಸಾಯುತ್ತದೆ. ಕೋವಿಡ್ ಸಮಯದಲ್ಲಿ ಆನ್‌ಲೈನ್ ಪಾಠಕ್ಕೆ ಮಕ್ಕಳು ಕೊಡೆ ಹಿಡಿದು ಗುಡ್ಡ ಹತ್ತಿದ್ದನ್ನು ನಾವು ಮರೆತಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಊರಿಗೆ ಊರೇ ಸಂಪರ್ಕ ಕಳೆದುಕೊಂಡಿತ್ತು. ಅಂಥ ಹೊತ್ತಿನಲ್ಲಿ ಉಪಗ್ರಹದ ಇಂಟರ್ನೆಟ್ ಜೀವ ಉಳಿಸಬಹುದು. ಇಂಥ ಇಂಟರ್ನೆಟ್ ಕೊಡುವ ಸ್ಟಾರ್‌ಲಿಂಕ್ ಕಂಪನಿಗೆ 2025ರ ಜೂನ್‌ನಲ್ಲಿ ಭಾರತದ ದೂರಸಂಪರ್ಕ ಪರವಾನಗಿ ಸಿಕ್ಕಾಗ ಇಲ್ಲಿ ಹಲವರು ಖುಷಿಪಟ್ಟರು. ನನಗೂ ಖುಷಿಯಾಯಿತು. ಉಪಗ್ರಹವೇ ಬೇಡ ಅನ್ನುವವರು ಒಂದು ಮಳೆಗಾಲ ಗಾಳಿಬೀಡಿನ ಕಡೆ ಇದ್ದು ನೋಡಲಿ.

ಎರಡೂ ಬೇಕು ಅಂತ ಕೇಳುವುದರಲ್ಲಿ ತಪ್ಪಿಲ್ಲ. ಉಪಗ್ರಹದ ಹೊಳಪನ್ನು ಕಡಿಮೆ ಮಾಡಲು ದಾರಿಗಳಿವೆ. ಮೇಲ್ಮೈಗೆ ಬೆಳಕು ಚೆದುರದ ಹಾಳೆ ಹಚ್ಚುವುದು, ಸೌರಫಲಕವನ್ನು ಬೇರೆ ಕೋನಕ್ಕೆ ತಿರುಗಿಸುವುದು. ಸ್ಟಾರ್‌ಲಿಂಕ್ ಇವನ್ನು ಮಾಡಿ ನೋಡಿದೆ. ಅಂತರರಾಷ್ಟ್ರೀಯ ಖಗೋಳ ಒಕ್ಕೂಟ 2022ರಲ್ಲಿ ಇದಕ್ಕೆಂದೇ ಒಂದು ಕೇಂದ್ರ ತೆರೆದಿದೆ. ನೆಲದಿಂದ ನೋಡಿದಾಗ ಉಪಗ್ರಹದ ಹೊಳಪು ಏಳನೇ ದರ್ಜೆಗಿಂತ ಹೆಚ್ಚಿರಬಾರದು, ಅಂದರೆ ಬರಿಗಣ್ಣಿಗೆ ಕಾಣಲೇಬಾರದು ಅನ್ನುವುದು ಅದರ ಸಲಹೆ. ಬಾಹ್ಯಾಕಾಶ ಟೆಲಿಸ್ಕೋಪಿಗೆ ಇಷ್ಟು ಸಾಲದು, ಉಪಗ್ರಹ ಅದಕ್ಕೆ ಇನ್ನೂ ಹತ್ತಿರ ಇರುತ್ತದೆ. ಅದಕ್ಕೇ ಡಿಸೆಂಬರ್‌ನ ಆ ಅಧ್ಯಯನ ಉಪಗ್ರಹಗಳು ಟೆಲಿಸ್ಕೋಪುಗಳಿಗಿಂತ ಕೆಳಗಿನ ಕಕ್ಷೆಯಲ್ಲಿರಲಿ ಅನ್ನುತ್ತದೆ. ಯಾವ ಉಪಗ್ರಹ ಎಷ್ಟು ಹೊತ್ತಿಗೆ ಎಲ್ಲಿರುತ್ತದೆ ಅನ್ನುವ ಮಾಹಿತಿ ನಿಖರವಾಗಿ, ಮೊದಲೇ ಸಿಕ್ಕರೆ ಟೆಲಿಸ್ಕೋಪ್ ಆ ಹೊತ್ತನ್ನು ತಪ್ಪಿಸಬಹುದು.

ಸದ್ಯ ಇದೆಲ್ಲ ಸಲಹೆ ಮಾತ್ರ, ಕಡ್ಡಾಯ ಅಲ್ಲ. ಕಂಪನಿ ಬೇರೆ ದೇಶದ್ದು, ಕಕ್ಷೆಗೆ ಒಪ್ಪಿಗೆ ಕೊಡುವುದೂ ಬೇರೆ ದೇಶ. ಹಾಗಂತ ನಮ್ಮ ಕೈ ಖಾಲಿ ಇಲ್ಲ. ಭಾರತದಲ್ಲಿ ಸೇವೆ ಮಾರಬೇಕಾದರೆ ನಮ್ಮ ಸರ್ಕಾರದ ಒಪ್ಪಿಗೆ ಬೇಕೇ ಬೇಕು. ಇಷ್ಟು ದೊಡ್ಡ ಮಾರುಕಟ್ಟೆಯನ್ನು ಯಾರೂ ಬಿಟ್ಟುಹೋಗುವುದಿಲ್ಲ. ಭದ್ರತೆಗೆ ಷರತ್ತು ಹಾಕುವವರು ಹೊಳಪಿಗೂ, ಕಕ್ಷೆಯ ಮಾಹಿತಿಗೂ ಷರತ್ತು ಹಾಕಬಹುದು. ನಮಗೆ ಇದರಲ್ಲಿ ನೇರ ಸ್ವಾರ್ಥವೂ ಇದೆ. ಆಸ್ಟ್ರೋಸ್ಯಾಟ್‌ಗೆ ವಯಸ್ಸಾಯಿತು. ಅದರ ನಂತರಕ್ಕೆ ಇನ್‌ಸಿಸ್ಟ್ ಅನ್ನುವ, ಒಂದು ಮೀಟರ್ ಕನ್ನಡಿಯ ಅತಿನೇರಳೆ ಟೆಲಿಸ್ಕೋಪಿನ ಪ್ರಸ್ತಾವವನ್ನು ಬೆಂಗಳೂರಿನ ವಿಜ್ಞಾನಿಗಳು ಇಟ್ಟಿದ್ದಾರೆ. ಅದು ಕೆಳಗಿನ ಕಕ್ಷೆಗೆ ಹೋಗುವುದಾದರೆ, ಅದು ಹೋಗುವ ಹೊತ್ತಿಗೆ ಅಲ್ಲಿ ಎಷ್ಟು ಉಪಗ್ರಹ ಇರುತ್ತವೆ ಅನ್ನುವುದು ಈಗ ಕೊಡುವ ಒಪ್ಪಿಗೆಗಳ ಮೇಲೆ ನಿಂತಿದೆ. ಉಪಗ್ರಹ ಇಂಟರ್ನೆಟ್ ಬೇಗ ಕೊಡಿ ಅಂತ ಕೊಡಗಿನಿಂದ ಸಂಸದರಿಗೆ ಮನವಿ ಹೋಗುವಾಗ, ಈ ಷರತ್ತುಗಳನ್ನು ಹಾಕಿ ಕೊಡಿ ಅನ್ನುವ ಸಾಲನ್ನೂ ಅದೇ ಪತ್ರದಲ್ಲಿ ಬರೆಯಬೇಕು ಅಂತ ನನ್ನ ಒತ್ತಾಯ.